ಭಾನುವಾರ ಖಾಲಿ, ಸೋಮವಾರ ಎರಡು

“ಆಣೆ ಮಾಡು ಅಂದ್ರೆ ಮಾಡ್ತೀನಿ ತಂಗಿ. ನಿಮ್ಮ ಕಂಪ್ಯೂಟರಿಗೆ ಆಣೆ ಅರ್ಥ ಆಗ್ತದಾ, ಅದನ್ನ ಮೊದ್ಲು ಹೇಳು.”

ನೀಲಾಂಬಿಕ ಹೀಗೆ ಕೇಳಿದಾಗ ಆತಿಫಾ ತಲೆಯೆತ್ತಿ ನೋಡಿದಳು. ಹೊಸಬಾಳೆಯ ಮಹಿಳಾ ಡೈರಿಯ ಜಗಲಿಯಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು ಅವಳು. ಎದುರಿಗೆ ನೀಲಾಂಬಿಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಾಲಿನ ಕ್ಯಾನು ತಿಕ್ಕುತ್ತಿದ್ದಳು. ಸಿಟ್ಟನ್ನೆಲ್ಲ ಪಾಪ ಆ ಕ್ಯಾನಿನ ಮೇಲೆಯೇ ತೀರಿಸಿಕೊಳ್ಳುತ್ತಿದ್ದಳು.

ಆಪಾದನೆ ಇಷ್ಟೇ. ಕಳೆದ ಎಂಟು ವಾರಗಳಲ್ಲಿ ಈ ಡೈರಿಯಲ್ಲಿ ಒಂದೇ ಒಂದು ಭಾನುವಾರ ಬೆಳಿಗ್ಗೆಯೂ ಹಾಲಿನ ಪರೀಕ್ಷೆ ನಡೆದಿಲ್ಲ, ಸೋಮವಾರ ಬೆಳಿಗ್ಗೆ ಮಾತ್ರ ಎರಡೆರಡು ಸಲ ನಡೆದಿದೆ ಎಂದು ಕಂಪ್ಯೂಟರಿನ ಪಟ್ಟಿ ಹೇಳುತ್ತಿತ್ತು. ಪರೀಕ್ಷೆ ಮಾಡುವವಳು ನೀಲಾಂಬಿಕ. ಭಾನುವಾರ ಮನೆಯಲ್ಲಿ ಮಲಗಿದ್ದು, ಸೋಮವಾರ ಬಂದು ಹಿಂದಿನ ದಿನದ್ದನ್ನೂ ಸೇರಿಸಿ ಸುಳ್ಳು ದಾಖಲೆ ಹಾಕುತ್ತಾಳೆ ಎಂಬುದು ಊರೂರಿನ ಡೈರಿಗಳಿಂದ ಹಾಲು ಕೊಳ್ಳುವ ಸಹ್ಯಸೆರಗು ಹಾಲು ಕೂಟದ ಮೇಲ್ವಿಚಾರಕ ಸಿದ್ಧಲಿಂಗೇಶರ ತೀರ್ಮಾನ. ಈ ದಿನ ಗುರುವಾರ, ಸಂಜೆ ನಾಲ್ಕಕ್ಕೆ ಊರ ಹೆಂಗಸರೆಲ್ಲರ ಎದುರು ಅವಳನ್ನು ಕೆಲಸದಿಂದ ತೆಗೆಯುವ ಸಭೆ.

“ಕೆಲಸ ಹೋದ್ರೆ ಹೋಗ್ಲಿ ಅಂದ್ಕೊಬಹುದು,” ಎಂದಳು ನೀಲಾಂಬಿಕ. “ನೋಡದ ಹಾಲನ್ನ ನೋಡಿದೀನಿ ಅಂತ ಬರೆದೋಳು ಅನ್ನಿಸ್ಕೊಂಡು ಈ ಊರಾಗೆ ಹೆಂಗೆ ಬದುಕಲಿ? ಎಲ್ಲರ ಮನೆ ಮಕ್ಕಳು ಕುಡಿಯೋ ಹಾಲು ಅದು.”

ಅವಳ ಧ್ವನಿ ಅಲ್ಲಿಗೆ ಒಡೆಯಿತು. ಆ ಪಟ್ಟಿ ಮಾಡಿದ ತಂತ್ರಾಂಶ ಶಿಕಾರಿಪುರದ ಗುಬ್ಬಿಗೂಡು ಸಾಫ್ಟ್‌ವೇರಿನದು, ಆತಿಫಾ ಅಲ್ಲಿ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗ. ಈ ಬುದ್ಧಿಯನ್ನು ಮನೆಯಲ್ಲಿ ತೋರಿಸಿದರೆ ಅಜ್ಜಿ ಇಮಾಂಬೀಯಿಂದ ಬೈಗುಳ ಗ್ಯಾರಂಟಿ. ಆಫೀಸಿನಲ್ಲಿ ಅಪರೂಪಕ್ಕೊಮ್ಮೆ ಶಹಭಾಸ್ ಸಿಗುತ್ತಿತ್ತು.

“ಅಕ್ಕಾ, ಇನ್ನೊಂದ್ಸಲ ಹೇಳಿ. ಬೆಳಿಗ್ಗೆ ಎಷ್ಟೊತ್ತಿಗೆ ಪರೀಕ್ಷೆ ಮಾಡ್ತೀರಿ?”

“ಐದಕ್ಕೆ ಬಾಗಿಲು ತೆಗೀತೀನಿ. ಐದೂಕಾಲಿನೊಳಗೆ ಎಲ್ಲಾ ಆಯ್ತು. ಕಾಗದದ ಪಟ್ಟಿ ಹಾಲಿಗೆ ಅದ್ದೋದು, ಬಣ್ಣ ನೋಡೋದು, ಡೈರಿ ಫೋನಾಗೆ ‘ಒಳ್ಳೆಯದು’ ಇಲ್ಲಾ ‘ಬೇಡ’ ಒತ್ತೋದು. ಹಸಿರು ಗುರುತು ಬಂದ್ರೆ ಮುಗೀತು.”

“ಬೇರೆ ಊರಲ್ಲೆಲ್ಲ ಆರು ಗಂಟೆಗಲ್ವಾ ತೆಗೆಯೋದು?”

“ಅವರದು ಅವರಿಗೆ. ನಮ್ಮೋರು ಹೊಲಕ್ಕೆ ಹೋಗಬೇಕಲ್ಲ, ಬೇಗ ಹಾಲು ಕರೀತಾರೆ.”

“ದಿನಾ ಐದಕ್ಕೇನಾ?”

“ದಿನಾ.”

ಆತಿಫಾ ಹಣೆ ಉಜ್ಜಿಕೊಂಡಳು. ಅವಳಿಗೊಂದು ಗುಮಾನಿ ನಿನ್ನೆಯಿಂದಲೇ ಇತ್ತು. ದಾಖಲೆಗಳೆಲ್ಲ ಹೋಗಿ ಸೇರುವುದು ಎಲ್ಲೋ ದೂರದ ಬಾಡಿಗೆ ಯಂತ್ರಕ್ಕೆ, ಸರ್ವರ್ ಎನ್ನುತ್ತಾರೆ ಅದಕ್ಕೆ. ಅದರ ಗಡಿಯಾರ ನಡೆಯುವುದು ಗ್ರೀನ್‌ವಿಚ್ ಸಮಯದಲ್ಲಿ. ನಮಗಿಂತ ಐದೂವರೆ ಗಂಟೆ ಹಿಂದೆ. ಹೊಸಬಾಳೆಯಲ್ಲಿ ಬೆಳಗಿನ ಐದೂವರೆ ಆಗುವ ತನಕ ಆ ಯಂತ್ರದ ಪಾಲಿಗೆ ಇನ್ನೂ ಹಿಂದಿನ ದಿನವೇ.

ಆದರೆ ಲೆಕ್ಕ ಕೂಡಿಬರುತ್ತಿರಲಿಲ್ಲ. ದಿನಾ ಐದಕ್ಕೇ ಪರೀಕ್ಷೆಯಾದರೆ ಪ್ರತಿ ದಿನವೂ ಒಂದು ದಿನ ಹಿಂದಕ್ಕೆ ಸರಿಯಬೇಕು, ಅಷ್ಟೆ. ಸಾಲಾಗಿ ನಿಂತವರೆಲ್ಲ ಒಟ್ಟಿಗೆ ಒಂದು ಹೆಜ್ಜೆ ಹಿಂದಿಟ್ಟರೆ ನಡುವೆ ಜಾಗ ಬಿಡುವುದಿಲ್ಲ. ಮತ್ತೆ ಈ ಭಾನುವಾರವೊಂದೇ ಏಕೆ ಖಾಲಿ? ಸೋಮವಾರವೊಂದೇ ಏಕೆ ಎರಡು?

ಅಷ್ಟರಲ್ಲಿ ತನ್ನ ಖಾಲಿ ಗಿಂಡಿಯನ್ನು ವಾಪಸ್ ಒಯ್ಯಲು ಬಂದ ವೀರಮ್ಮ, ಡೈರಿಗೆ ಎರಡು ಎಮ್ಮೆಯ ಹಾಲು ಹಾಕುವಾಕೆ, ಜಗಲಿಯ ಬಳಿ ಅರ್ಧ ನಿಂತು ಅರ್ಧ ನಡೆಯುತ್ತ ಆತಿಫಾಳ ಕಡೆ ಕೈ ಬೀಸಿದಳು.

“ನಮ್ಮ ನೀಲಾಂಬಿಕನ್ನ ಹೆಂಗಾದ್ರೂ ಉಳಿಸು ಮಾರಾಯ್ತಿ. ಕೂತು ಮಾತಾಡಾಣ ಅಂದ್ರೆ ಇವತ್ತು ಸೋಮವಾರ ಅಲ್ಲ ನೋಡು, ಹೊಲದಾಗೆ ಕಾಯ್ತಿದಾರೆ.”

ಆತಿಫಾಳ ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿತು.

“ಸೋಮವಾರ ಆದ್ರೆ ಏನಕ್ಕಾ?”

ವೀರಮ್ಮ ನೀಲಾಂಬಿಕಳ ಮುಖ ನೋಡಿದಳು, ನೀಲಾಂಬಿಕ ವೀರಮ್ಮನ ಮುಖ ನೋಡಿದಳು. ಇಷ್ಟು ಓದಿದ ಹುಡುಗಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಮರುಕ ಇಬ್ಬರ ಮುಖದಲ್ಲೂ ಇತ್ತು.

“ಸೋಮವಾರ ಬಸವಣ್ಣನ ದಿನ ಅಲ್ವಾ. ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಟ್ರಾಕ್ಟರು ಇದ್ದೋರೂ ಅವತ್ತು ಹೊಲಕ್ಕೆ ಅವಸರ ಮಾಡಲ್ಲ. ಎತ್ತಿನ ಮೈ ತೊಳೆದು, ಪೂಜೆ ಮಾಡಿ, ಆಮೇಲೆ ಎಮ್ಮೆ ಹತ್ರ ಹೋಗೋದು.”

“ಹಾಗಾದ್ರೆ ಸೋಮವಾರ ಡೈರಿಗೆ ಹಾಲು ಬರೋದು…?”

“ಆರಾಗ್ತದೆ, ಆರೂಕಾಲಾಗ್ತದೆ,” ಎಂದಳು ನೀಲಾಂಬಿಕ.

“ಅಕ್ಕಾ! ದಿನಾ ಐದಕ್ಕೆ ಅಂದ್ರಲ್ಲ!”

“ಹೌದು, ದಿನಾ ಐದಕ್ಕೇ. ಸೋಮವಾರ ಬಿಟ್ಟು. ಅದನ್ನೂ ಬಾಯಿ ಬಿಟ್ಟು ಹೇಳಬೇಕಾ?”

ಆತಿಫಾಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಶಿಕಾರಿಪುರದ ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುವ ಅಜಮತ್ ಉಲ್ಲಾನ ಮಗಳಿಗೆ ಎತ್ತಿನ ವಾರದ ರಜೆ ಯಾರು ಹೇಳಿಕೊಡಬೇಕಿತ್ತು? ಈ ಊರಿನಲ್ಲಿ ಅದು ಉಸಿರಾಟದಷ್ಟು ಸಹಜ. ಅದಕ್ಕೇ ವಿಚಾರಣೆಗೆ ಬಂದ ಯಾರಿಗೂ ನೀಲಾಂಬಿಕ ಅದನ್ನು ಹೇಳಿರಲೇ ಇಲ್ಲ.

“ಅಕ್ಕಾ, ನಾನು ಈಗಲೇ ಶಿಕಾರಿಪುರಕ್ಕೆ ಹೋಗ್ತೀನಿ. ನಾಲ್ಕರೊಳಗೆ ಏನಾದ್ರೂ ಮಾಡ್ತೀನಿ. ಧೈರ್ಯವಾಗಿರಿ.”

“ನಾಷ್ಟಾ ಮಾಡಿ ಹೋಗು.”

“ಸಂಜೆ ಬಂದಾಗ ಮಾಡ್ತೀನಿ,” ಎಂದು ಆತಿಫಾ ಆಗಲೇ ಚಪ್ಪಲಿ ಮೆಟ್ಟಿದ್ದಳು.

* * *

ಸೊರಬದಿಂದ ಹೊರಟ ಬಸ್ಸು ಶಿರಾಳಕೊಪ್ಪ ತಲುಪುವುದರೊಳಗೆ ಲೆಕ್ಕವೆಲ್ಲ ಬೆರಳ ತುದಿಯಲ್ಲಿ ಮುಗಿದಿತ್ತು.

ಭಾನುವಾರ ಬೆಳಗಿನ ಐದೂಕಾಲಿಗೆ ಮಾಡಿದ ಪರೀಕ್ಷೆ, ಸರ್ವರಿನ ಗಡಿಯಾರದಲ್ಲಿ ಶನಿವಾರಕ್ಕೆ ಬಿತ್ತು. ಸೋಮವಾರ ಆರಕ್ಕೆ ಮಾಡಿದ್ದು ಸೋಮವಾರಕ್ಕೇ ಬಿತ್ತು. ಅಲ್ಲಿಗೆ ಭಾನುವಾರ ಖಾಲಿ. ಮಂಗಳವಾರ ಐದೂಕಾಲಿನದು ಹಿಂದಕ್ಕೆ ಸರಿದು ಮತ್ತೆ ಸೋಮವಾರಕ್ಕೆ ಬಿತ್ತು. ಅಲ್ಲಿಗೆ ಸೋಮವಾರ ಎರಡು.

ಒಂದು ವಾರ ತಪ್ಪದೆ ಹಾಗೇ. ನೀಲಾಂಬಿಕ ಒಂದು ದಿನವೂ ಬಾಗಿಲು ಮುಚ್ಚಿರಲಿಲ್ಲ.

ಪಕ್ಕದ ಸೀಟಿನ ಅಜ್ಜಿ ಈ ಹುಡುಗಿ ಒಬ್ಬಳೇ ಬೆರಳು ಮಡಚಿ ನಗುವುದನ್ನು ನೋಡಿ ಸ್ವಲ್ಪ ಆಚೆ ಸರಿದು ಕೂತಳು. ಆತಿಫಾಳಿಗೆ ಅದರ ಪರಿವೆಯಿರಲಿಲ್ಲ. ಅವಳ ತಲೆಯಲ್ಲಿ ಈಗ ಬೇರೆಯೇ ಪ್ರಶ್ನೆ ಕೊರೆಯತೊಡಗಿತ್ತು.

ಈ ತಪ್ಪನ್ನು ಹಿಡಿಯುವ ಟೆಸ್ಟನ್ನು ಅವಳೇ ಬರೆದಿದ್ದಳು. ಚೆನ್ನಾಗಿ ನೆನಪಿತ್ತು. ‘ಬೆಳಿಗ್ಗೆ ಐದಕ್ಕೆ ಹಾಕಿದ ದಾಖಲೆ ಅದೇ ದಿನಕ್ಕೆ ಬೀಳಬೇಕು’ ಎಂಬ ಪುಟ್ಟ ಟೆಸ್ಟು. ತಂತ್ರಾಂಶದಲ್ಲಿ ಒಂದಕ್ಷರ ಬದಲಾದರೂ ಇಂಥ ನೂರಾರು ಟೆಸ್ಟುಗಳು ತಾವಾಗಿಯೇ ಓಡಬೇಕು. ಸರಿಯಿದ್ದರೆ ಹಸಿರು, ಕೆಟ್ಟರೆ ಕೆಂಪು, ಅನುಮಾನವಿದ್ದರೆ ಎಚ್ಚರಿಕೆಯ ಹಳದಿ ಗೆರೆ.

ಎಂಟು ವಾರವೂ ಸರ್ವರಿನಲ್ಲಿ ಹಸಿರೇ ಬಂದಿತ್ತು. ಒಂದು ಹಳದಿಯೂ ಇರಲಿಲ್ಲ. ಹಾಗಾದರೆ ಅವಳ ಟೆಸ್ಟಿನ ಬಾಯಿಗೆ ಬಟ್ಟೆ ತುರುಕಿದವರು ಯಾರು?

* * *

ಗುಬ್ಬಿಗೂಡು ಸಾಫ್ಟ್‌ವೇರ್ ಹೆಸರಿಗೆ ತಕ್ಕಷ್ಟೇ ದೊಡ್ಡದು. ಬಟ್ಟೆ ಅಂಗಡಿಯ ಮೇಲಿನ ಒಂದೇ ಕೋಣೆ, ಎರಡು ಮೇಜು, ಇಬ್ಬರು ಜನ. ಒಬ್ಬಳು ಆತಿಫಾ. ಇನ್ನೊಬ್ಬ ಅದನ್ನು ಕಟ್ಟಿದ ಗುರುಪ್ರಕಾಶ್, ನಲವತ್ತು ದಾಟಿದ, ಮೃದು ಮಾತಿನ ಮನುಷ್ಯ. ತಂತ್ರಾಂಶ ಬರೆಯುವುದೆಲ್ಲ ಅವನೇ.

ಆತಿಫಾ ಬಂದವಳೇ ಬ್ಯಾಗನ್ನೂ ಇಳಿಸದೆ ಕಡತ ತೆರೆದಳು. ಐದು ನಿಮಿಷವೂ ಹುಡುಕಬೇಕಾಗಲಿಲ್ಲ. ಅವಳು ಬರೆದ ಟೆಸ್ಟಿನ ತಲೆಯ ಮೇಲೆ ಎರಡು ಹೊಸ ಸಾಲುಗಳು ಕೂತಿದ್ದವು.

ಮೊದಲ ಸಾಲು: ಹಳದಿ ಎಚ್ಚರಿಕೆಗಳನ್ನೆಲ್ಲ ಮುಚ್ಚಿಡು. ಎರಡನೆಯ ಸಾಲು: ಸರ್ವರಿನಲ್ಲಿ ಈ ಟೆಸ್ಟನ್ನು ಓಡಿಸಬೇಡ. ಪಕ್ಕದಲ್ಲಿ ಒಂದು ಟಿಪ್ಪಣಿ: ‘ನಮ್ಮಲ್ಲಿ ಸರಿ ಇದೆ, ಅಲ್ಲಿ ಮಾತ್ರ ಕೆಂಪು ಬರುತ್ತೆ. ಆಮೇಲೆ ನೋಡೋಣ.’ ಬರೆದವರು ಗುರುಪ್ರಕಾಶ್. ತಾರೀಖು ಎಂಟು ವಾರದ ಹಿಂದಿನದು.

“ಸಾರ್, ಈ ‘ಆಮೇಲೆ’ ಯಾವಾಗ ಬರುತ್ತೆ?”

ಗುರುಪ್ರಕಾಶ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಕಿವಿ ಕೆಂಪಾಯಿತು.

“ಅಯ್ಯೋ, ಅದಾ… ಅಲ್ರೀ ಆತಿಫಾ, ನನ್ನ ಲ್ಯಾಪ್‌ಟಾಪಲ್ಲಿ ಹಸಿರೇ ಬರ್ತಿತ್ತು. ಸರ್ವರಲ್ಲಿ ಮಾತ್ರ ಕೆಂಪು. ಅದರದ್ದೇ ಏನೋ ರಗಳೆ ಅಂದ್ಕೊಂಡೆ.”

“ನಿಮ್ಮ ಲ್ಯಾಪ್‌ಟಾಪಿನ ಗಡಿಯಾರ ಶಿಕಾರಿಪುರದ್ದು. ಜನರ ದಾಖಲೆ ಹೋಗೋದು ಸರ್ವರಿಗೆ. ಕೆಲಸ ನಡೆಯೋ ಜಾಗದಲ್ಲೇ ಟೆಸ್ಟ್ ಬೇಡ ಅಂದ್ರೆ ಹೇಗೆ ಸಾರ್?”

“ಮತ್ತೆ ಆ ಹಳದಿ ಗೆರೆ ನೋಡಿದೀರೇನ್ರೀ? ಒಂದ್ಸಲ ಓಡಿಸಿದ್ರೆ ನೂರಾರು. ‘ಈ ಸಮಯ ಯಾವ ದೇಶದ್ದು ಅಂತ ಹೇಳಿಲ್ಲ’, ‘ಈ ಸಮಯ ಯಾವ ದೇಶದ್ದು ಅಂತ ಹೇಳಿಲ್ಲ’. ತಲೆ ಚಿಟ್ಟು ಹಿಡೀತು. ಮುಚ್ಚಿಟ್ಟೆ.”

“ಅದು ನೂರು ಸಲ ಹೇಳಿದ್ದು ಒಂದೇ ಮಾತು. ಆ ಮಾತು ಕೇಳಿಸ್ಕೊಂಡಿದ್ರೆ ಇವತ್ತು ನೀಲಾಂಬಿಕಕ್ಕ ಕಳ್ಳಿ ಅನ್ನಿಸ್ಕೊತಿರಲಿಲ್ಲ.”

ಮಾತು ತುಸು ಖಾರವೇ ಆಯಿತು. ಆತಿಫಾಳಿಗೆ ಗೊತ್ತಿತ್ತು. ಆದರೆ ಕ್ಯಾನು ತಿಕ್ಕುತ್ತಿದ್ದ ಆ ಕೈಗಳು ಕಣ್ಣ ಮುಂದಿದ್ದವು, ಮಾತು ತಗ್ಗಿಸಲು ಮನಸ್ಸು ಬರಲಿಲ್ಲ.

ಗುರುಪ್ರಕಾಶ್ ಎದ್ದು ಕಿಟಕಿಯ ಬಳಿ ಹೋದ. “ಈಗ ಕೂಟದೋರಿಗೆ ತಪ್ಪು ನಮ್ಮದು ಅಂತ ಹೇಳಿದ್ರೆ ಏನಾಗುತ್ತೆ ಗೊತ್ತಲ್ಲ? ನಾಳೆಯಿಂದ ನಮ್ಮನ್ನ ಯಾರೂ ನಂಬಲ್ಲ. ಸದ್ದಿಲ್ದೆ ಸರಿ ಮಾಡಿಬಿಡೋಣ. ಮುಂದಿನ ವಾರದಿಂದ ಪಟ್ಟಿ ಸರಿ ಬರುತ್ತೆ.”

“ಇವತ್ತು ನಾಲ್ಕು ಗಂಟೆಗೆ ಆಯಮ್ಮನ್ನ ಎಲ್ಲರೆದುರು ನಿಲ್ಲಿಸ್ತಾರೆ ಸಾರ್. ಮುಂದಿನ ವಾರದ ಪಟ್ಟಿ ತಗೊಂಡು ಆಯಮ್ಮ ಏನು ಮಾಡಬೇಕು?”

ಅವನು ಕಿಟಕಿಯ ಸರಳು ಹಿಡಿದು ಕೆಳಗಿನ ಬೀದಿ ನೋಡಿದ.

“ನಮ್ಮಪ್ಪನ ಹತ್ರ ಯಾರಾದ್ರೂ ತಕ್ಕಡಿ ತಂದ್ರೆ ಮೊದಲು ಏನು ಮಾಡ್ತಾರೆ ಗೊತ್ತಾ?” ಆತಿಫಾ ಈಗ ಮೆಲ್ಲಗೆ ಹೇಳಿದಳು. “ತೂಕದ ಒಂದೇ ಬಟ್ಟನ್ನ ಎರಡು ತಕ್ಕಡೀಲಿ ಇಟ್ಟು ನೋಡ್ತಾರೆ. ಎರಡರಲ್ಲಿ ಬೇರೆ ಬೇರೆ ತೂಕ ಬಂದ್ರೆ ಬಟ್ಟನ್ನ ಬೈಯಲ್ಲ. ಒಂದು ತಕ್ಕಡಿ ಎತ್ತಿ ಮೂಲೆಗೂ ಇಡಲ್ಲ. ಯಾಕೆ ಬೇರೆ ಬಂತು ಅಂತ ಬಿಚ್ಚಿ ನೋಡ್ತಾರೆ.”

ಕೆಳಗಿನ ಅಂಗಡಿಯಲ್ಲಿ ಯಾರೋ ಗಜಕಡ್ಡಿಯಿಂದ ಬಟ್ಟೆ ಅಳೆಯುತ್ತ ಜೋರಾಗಿ ಎಣಿಸುತ್ತಿದ್ದರು.

ಗುರುಪ್ರಕಾಶ್ ಮರಳಿ ಬಂದು ಕುರ್ಚಿ ಎಳೆದು ಅವಳ ಪಕ್ಕ ಕೂತ. “ಬಿಚ್ಚಿರಿ,” ಎಂದ.

* * *

ಆತಿಫಾ ಆ ಎರಡು ಸಾಲುಗಳನ್ನು ಅಳಿಸಿದಳು. ಹೊಸಬಾಳೆಯ ಎಂಟು ವಾರದ ನಿಜವಾದ ದಾಖಲೆಗಳ ಪ್ರತಿಯನ್ನೇ ಟೆಸ್ಟಿಗೆ ಉಣಿಸಿ, ಸರ್ವರಿನಲ್ಲಿ ಓಡಿಸಿದಳು.

ಪರದೆಯ ತುಂಬ ಹಳದಿ. ಎಲ್ಲದರ ತಳದಲ್ಲಿ ಒಂದು ಕೆಂಪು ಸಾಲು: ಐದು ಗಂಟೆ ಹನ್ನೆರಡು ನಿಮಿಷದ ದಾಖಲೆ ಹಿಂದಿನ ದಿನಕ್ಕೆ ಬಿದ್ದಿದೆ.

“ಕೆಂಪು ಕಂಡು ಇಷ್ಟು ಖುಷಿಪಡೋರನ್ನ ನಾನು ನೋಡೇ ಇಲ್ಲ,” ಎಂದ ಗುರುಪ್ರಕಾಶ್.

“ನಿಜ ಹೇಳ್ತಿದೆ ಸಾರ್ ಅದು. ಖುಷಿಪಡದೆ ಏನು ಮಾಡಲಿ?”

ಸರಿಪಡಿಸುವುದು ಹತ್ತು ನಿಮಿಷದ ಕೆಲಸ. ಗಡಿಯಾರ ಎಲ್ಲಿಯದೇ ಇರಲಿ, ದಿನವನ್ನು ನಿರ್ಧರಿಸುವಾಗ ಭಾರತದ ಸಮಯವನ್ನೇ ನೋಡು ಎಂದು ಗುರುಪ್ರಕಾಶ್ ಒಂದು ಸಾಲು ಬರೆದ. ಲ್ಯಾಪ್‌ಟಾಪಿನಲ್ಲಿ ಓಡಿಸಿದರು, ಹಸಿರು. ಸರ್ವರಿನಲ್ಲಿ ಓಡಿಸಿದರು, ಹಸಿರು.

ಆತಿಫಾ ಪಟ್ಟಿಯನ್ನು ಮತ್ತೆ ತೆಗೆದಳು. ಎಂಟು ಭಾನುವಾರಗಳೂ ಒಂದೊಂದಾಗಿ ತುಂಬಿಕೊಂಡವು. ಎಂಟು ಸೋಮವಾರಗಳಲ್ಲೂ ಒಂದೊಂದೇ ಪರೀಕ್ಷೆ. ಬೆಳಗಿನ ಐದು ಹತ್ತು, ಐದು ಹನ್ನೆರಡು, ಐದು ಒಂಬತ್ತು. ಸೋಮವಾರ ಮಾತ್ರ ಆರರ ಮೇಲೆ. ಒಬ್ಬ ಹೆಂಗಸು ಯಾರ ಮುಖವನ್ನೂ ನೋಡದೆ ಪ್ರತಿ ಮುಂಜಾನೆ ಎದ್ದು ಬಂದು ತನ್ನ ಪಾಲಿನ ಕೆಲಸ ಮಾಡಿಹೋದ ಗುರುತು ಅಲ್ಲಿತ್ತು.

ಗುರುಪ್ರಕಾಶ್ ತಾನಾಗಿಯೇ ಫೋನೆತ್ತಿಕೊಂಡ. ಅದನ್ನು ಅವಳು ಕೇಳಬೇಕಾಗಲಿಲ್ಲ. ಮಧ್ಯಾಹ್ನ ಹನ್ನೆರಡೂಕಾಲಿಗೆ ಸೊರಬದ ಕೂಟದ ಕಛೇರಿಗೆ ಕರೆ ಹೋಯಿತು. ಆತಿಫಾಳಿಗೂ ಕೇಳಲೆಂದು ಸ್ಪೀಕರ್ ಹಾಕಿದ.

“ಸಿದ್ಧಲಿಂಗೇಶ್ ಸಾಹೇಬ್ರೇ, ತಪ್ಪು ನಮ್ಮದು. ಆಯಮ್ಮನದು ಒಂದಿಷ್ಟೂ ಇಲ್ಲ,” ಎಂದು ನೇರವಾಗಿ ಶುರು ಮಾಡಿ, ಗಡಿಯಾರದ ಕತೆ, ಸೋಮವಾರದ ಕತೆ ಎಲ್ಲ ಹೇಳಿದ. “ಕಂಡುಹಿಡಿದಿದ್ದು ನಮ್ಮ ಆತಿಫಾ. ಬೆಳಿಗ್ಗೆ ಅಲ್ಲಿಗೇ ಹೋಗಿ ಬಂದ್ರು.”

ಆ ತುದಿಯಲ್ಲೂ ಸ್ಪೀಕರ್ ಹಾಕಿದ್ದರೆಂದು ಕಾಣುತ್ತದೆ. ಟೀ ಲೋಟದ ಸದ್ದು, ಮೂರು ನಾಲ್ಕು ಜನರ ಗುಸುಗುಸು ಕೇಳುತ್ತಿತ್ತು. ಸಿದ್ಧಲಿಂಗೇಶ್ ಅವರನ್ನೆಲ್ಲ ಸುಮ್ಮನಿರಿಸಿ ಮಾತಾಡಿದರು.

“ನೋಡ್ರಿ ಗುರುಪ್ರಕಾಶ್. ನೀವು ಹೇಳೋದು ನಿಜ ಆಗಿದ್ರೆ ನನಗಿಂತ ಸಂತೋಷ ಪಡೋರು ಯಾರೂ ಇಲ್ಲ. ನಾನೇನು ಆ ಹೆಣ್ಣುಮಗಳ ಶತ್ರು ಅಲ್ಲ. ಆದ್ರೆ ನಿಮ್ಮ ಕಂಪ್ಯೂಟರ್ ತಪ್ಪು ಅಂತೀರಿ, ಮತ್ತೆ ಅದೇ ಕಂಪ್ಯೂಟರನ್ನ ಇವತ್ತು ನಂಬು ಅಂತೀರಿ. ನಾನು ಊರೋರಿಗೆ ಏನು ತೋರಿಸಲಿ?”

“ಆಯಮ್ಮನ ಹತ್ರ ಡೈರಿ ಫೋನ್ ಇದೆಯಲ್ಲ ಸಾಹೇಬ್ರೇ. ಒತ್ತಿದ್ದೆಲ್ಲ ಮೊದಲು ಫೋನಲ್ಲೇ ಉಳಿಯುತ್ತೆ, ಆಮೇಲೆ ನಮ್ಮ ಹತ್ರ ಬರುತ್ತೆ. ಅದರಲ್ಲಿರೋದೇ ಅಸಲು. ಅದನ್ನ ಯಾರೂ ತಿದ್ದೋಕೆ ಬರಲ್ಲ.”

“ಹಾಗೆ ಬನ್ನಿ. ನಾಲ್ಕಕ್ಕೆ ಎಲ್ಲರೆದುರು ಆ ಫೋನು ತೆಗೆದು, ನಿಮ್ಮ ಪಟ್ಟಿ ಜೊತೆ ತಾಳೆ ನೋಡೋಣ. ಸರಿಹೋದ್ರೆ ನಾನೇ ನಿಂತು ಆಯಮ್ಮನ ಕ್ಷಮೆ ಕೇಳ್ತೀನಿ. ಸರಿಯಾ?”

“ಸರಿ ಸಾಹೇಬ್ರೇ!”

ಫೋನಿಟ್ಟ ಮೇಲೆ ಗುರುಪ್ರಕಾಶ್ ಹತ್ತು ವರ್ಷ ಚಿಕ್ಕವನಾದಂತೆ ಕಂಡ. “ಹೇಳಿಬಿಟ್ಟೆ ನೋಡ್ರಿ. ಆಕಾಶ ಏನೂ ಕಳಚಿ ಬೀಳಲಿಲ್ಲ. ಊಟ ಮಾಡ್ಕೊಂಡು ಒಂದೂವರೆಗೆ ನನ್ನ ಕಾರಲ್ಲೇ ಹೋಗೋಣ.”

ಊಟ ಮುಗಿಸಿ ಬಂದು ಲ್ಯಾಪ್‌ಟಾಪ್ ಮುಚ್ಚಲು ಹೋದ ಆತಿಫಾ ತಡೆದು ನಿಂತಳು.

ನೂರಾರು ಹಳದಿ ಗೆರೆಗಳಿದ್ದ ಪರದೆ ಈಗ ಖಾಲಿಯಾಗಿತ್ತು. ಸಮಯದ ತಕರಾರು ಬಗೆಹರಿದ ಕೂಡಲೇ ಅವೆಲ್ಲ ತಾವಾಗಿಯೇ ಹೋಗಿದ್ದವು. ಆದರೆ ಪೂರ್ತಿ ಖಾಲಿಯಲ್ಲ. ಒಂದೇ ಒಂದು ಹಳದಿ ಗೆರೆ ಉಳಿದಿತ್ತು.

“ಅದೊಂದು ಇದ್ರೆ ಇರ್ಲಿ ಬಿಡ್ರಿ,” ಎಂದ ಗುರುಪ್ರಕಾಶ್, ಅಭ್ಯಾಸಬಲ. ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. “ಇಲ್ಲ ಇಲ್ಲ. ಓದಿ, ಓದಿ.”

ಆತಿಫಾ ಓದಿದಳು. ಮೂರು ವಾರದ ಹಿಂದಿನ ಒಂದು ಭಾನುವಾರ. ‘ಒಂದೇ ಪರೀಕ್ಷೆಗೆ ಎರಡು ಸಲ ಫಲಿತಾಂಶ ಬಂದಿದೆ. ಎರಡನೆಯದು ಮೊದಲನೆಯದನ್ನು ಅಳಿಸಿದೆ. ಮೊದಲನೆಯದು: ಬೆಳಿಗ್ಗೆ 5.12, ಆಂಡ್ರಾಯ್ಡ್. ಎರಡನೆಯದು: ಬೆಳಿಗ್ಗೆ 11.40, ವಿಂಡೋಸ್.’

“ವಿಂಡೋಸ್?” ಗುರುಪ್ರಕಾಶ್ ಹುಬ್ಬು ಗಂಟಿಕ್ಕಿದ. “ಡೈರಿಗಳಲ್ಲಿ ಇರೋದು ಬರೀ ಆಂಡ್ರಾಯ್ಡ್ ಫೋನು. ವಿಂಡೋಸ್ ಕಂಪ್ಯೂಟರಿಂದ ಫಲಿತಾಂಶ ಹಾಕೋಕೆ ಬಿಡಲೇಬಾರದು.”

“ಬಿಡಬಾರದು ಅಂತ ನೋಡೋ ಟೆಸ್ಟ್ ಇತ್ತಲ್ಲ ಸಾರ್?”

ಅವನು ಕನ್ನಡಕ ತೆಗೆದು ಒರೆಸಿದ. “ಇತ್ತು. ನಮ್ಮಿಬ್ಬರ ಹತ್ರ ವಿಂಡೋಸ್ ಇಲ್ವಲ್ಲ, ಯಾರು ಓಡಿಸ್ತಾರೆ ಅಂತ… ಅದನ್ನೂ ಬದಿಗಿಟ್ಟಿದ್ದೆ.”

ಆತಿಫಾ ಬೈಯಲಿಲ್ಲ. ಬೈಯುವಷ್ಟು ಪುರುಸೊತ್ತಿರಲಿಲ್ಲ. “ನಮ್ಮ ತಂತ್ರಾಂಶ ಇರೋ ವಿಂಡೋಸ್ ಕಂಪ್ಯೂಟರ್ ಎಲ್ಲಿದೆ?”

“ಒಂದೇ ಇರೋದು. ಸೊರಬದಲ್ಲಿ, ಕೂಟದ ಕಛೇರೀಲಿ. ಪಟ್ಟಿ ನೋಡೋಕೆ ಅಂತ ಹಾಕಿಕೊಟ್ಟಿದ್ದು. ಅಲ್ಲಿ ನಾಲ್ಕೈದು ಜನ ಅದನ್ನ ಬಳಸ್ತಾರೆ.”

ಅಂದರೆ ನೀಲಾಂಬಿಕ ಬೆಳಗಿನ ಐದೂಕಾಲಿಗೆ ಏನನ್ನೋ ಒತ್ತಿದ್ದಳು. ಸೊರಬದ ಕಛೇರಿಯಲ್ಲಿ ಯಾರೋ ಹನ್ನೊಂದೂ ನಲವತ್ತಕ್ಕೆ ಕೂತು ಅವಳ ಹೆಸರಿನಲ್ಲೇ ಅದನ್ನು ಬದಲಿಸಿದ್ದರು. ಪಟ್ಟಿಯಲ್ಲಿ ಈಗ ಉಳಿದಿರುವುದು ‘ಒಳ್ಳೆಯದು’. ಮೊದಲು ಇದ್ದದ್ದೇನು? ಸರ್ವರಿನಲ್ಲಿ ಅದು ಅಳಿಸಿಹೋಗಿತ್ತು.

ಆ ಪ್ರಶ್ನೆಗೆ ಉತ್ತರ ಪ್ರಪಂಚದಲ್ಲಿ ಇನ್ನೊಂದೇ ಕಡೆ ಇತ್ತು. ಆತಿಫಾ ನೀಲಾಂಬಿಕಳ ನಂಬರು ಒತ್ತಿದಳು. ಗಂಟೆ ಒಂದೂ ಹದಿನೈದು.

ಮೂರನೆಯ ರಿಂಗಿಗೇ ಫೋನು ಎತ್ತಿದ ಸದ್ದಾಯಿತು. “ಹಲೋ, ಯಾರು? ತಂಗಿಯಾ?”

ಆತಿಫಾ ಸ್ಪೀಕರ್ ಹಾಕಿದಳು. “ಅಕ್ಕಾ, ನಿಮ್ಮ ಮೇಲಿನ ಆಪಾದನೆ ಸುಳ್ಳು ಅಂತ ಗೊತ್ತಾಯ್ತು. ಎಲ್ಲಾ ಭಾನುವಾರ ಸಿಕ್ತು!”

ಆ ಕಡೆಯಿಂದ ಮೂಗು ಏರಿಸಿದ ಸದ್ದು ಬಂತು. “ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೇ,” ಎಂದಳು ನೀಲಾಂಬಿಕ. “ಸಂಜೆ ಬಾ, ಅಕ್ಕಿರೊಟ್ಟಿ ಮಾಡಿಟ್ಟಿರ್ತೀನಿ.”

“ಬರ್ತೀನಿ. ಅದಕ್ಕೂ ಮುಂಚೆ ಒಂದು ಕೇಳಬೇಕು. ಮೂರು ವಾರದ ಹಿಂದೆ ಒಂದು ಭಾನುವಾರ, ಹಾಲು ಹೇಗಿತ್ತು ಅಂತ ನೆನಪಿದೆಯಾ?”

“ನೆನಪಿಲ್ದೆ ಏನು! ಅವತ್ತು ‘ಬೇಡ’ ಒತ್ತಿದ್ದೆ. ನಮ್ಮೂರ ಹಾಲಲ್ಲ ಅದು, ಕೂಟದೋರು ಎಲ್ಲಿಂದಲೋ ನಾಲ್ಕು ಕ್ಯಾನು ತಂದು ನಮ್ಮದರ ಜೊತೆ ಸೇರ್ಸು ಅಂದಿದ್ರು. ಕಾಗದದ ಪಟ್ಟಿ ಅದ್ದಿದ್ರೆ ಬಣ್ಣ ಕೆಟ್ಟು ಕೂತಿತ್ತು. ಸೇರ್ಸಲ್ಲ ಅಂದೆ. ಆ ಒಂದು ದಿನ ಬಿಟ್ರೆ ನಾನು ‘ಬೇಡ’ ಒತ್ತಿದ್ದೇ ಇಲ್ಲ.”

ಆತಿಫಾ ಗುರುಪ್ರಕಾಶನ ಮುಖ ನೋಡಿದಳು. ಅವನ ಮುಖ ಬಿಳಿಚಿತ್ತು. ಕಂಪ್ಯೂಟರಿನ ತಪ್ಪಿನ ಹಿಂದೆ ಮನುಷ್ಯನ ತಪ್ಪೊಂದು ಅಡಗಿ ಕೂತಿತ್ತು. ಆ ಕೆಟ್ಟ ಹಾಲನ್ನು ಯಾರೋ ಒಳ್ಳೆಯದೆಂದು ದಾಟಿಸಿದ್ದರು. ಅದನ್ನು ಬಲ್ಲವಳು ನೀಲಾಂಬಿಕ ಒಬ್ಬಳೇ, ಅವಳ ಮಾತಿಗೆ ಸಾಕ್ಷಿ ಆ ಫೋನೊಂದೇ.

“ಅಕ್ಕಾ, ಗಮನ ಕೊಟ್ಟು ಕೇಳಿ. ಡೈರಿ ಫೋನನ್ನ ಸೆರಗಲ್ಲಿ ಕಟ್ಟಿಟ್ಕೊಳ್ಳಿ. ನಾವು ಬರೋ ತನಕ ಯಾರ ಕೈಗೂ ಕೊಡಬೇಡಿ. ಸಿದ್ಧಲಿಂಗೇಶ್ ಸಾಹೇಬ್ರಿಗೂ ಕೊಡಬೇಡಿ.”

“ಎಂತ ಹೇಳ್ತಿದೀಯ ತಂಗಿ? ಅದನ್ನ ಆಗಲೇ ತಗೊಂಡು ಹೋದ್ರಲ್ಲ.”

“ಯಾರು?”

“ಯಾರೋ ಹುಡುಗ, ಬೈಕಲ್ಲಿ ಬಂದಿದ್ದ. ಈಗೊಂದು ಹತ್ತು ನಿಮಿಷ ಆಗಿರ್ಬೇಕು. ಸಿಮ್ಮು ತೆಗೆದು ಈ ಹೊಸ ಫೋನಿಗೆ ಹಾಕಿಕೊಟ್ಟ. ಅದರಾಗೇ ಮಾತಾಡ್ತಿದೀನಿ ನೋಡು, ಎಷ್ಟು ಚೆನ್ನಾಗಿ ಕೇಳ್ತದೆ.”

“ಅಕ್ಕಾ, ಕೇಳಿದ ಕೂಡ್ಲೇ ಕೊಟ್ಟುಬಿಟ್ರಾ?”

“ಕೇಳಿದೋರಿಗೆಲ್ಲ ಕೊಡಕೆ ನಾನೇನು ಹುಚ್ಚಿಯಾ?” ನೀಲಾಂಬಿಕಳ ಧ್ವನಿಯಲ್ಲಿ ಇನ್ನೂ ಆ ಸಂತೋಷ ಆರಿರಲಿಲ್ಲ. “ಸಾಹೇಬ್ರು ಹೇಳಿದಾರೆ ಅಂದಿದ್ರೆ ಖಂಡಿತ ಕೊಡ್ತಿರಲಿಲ್ಲ. ಆತಿಫಾ ಮೇಡಮ್ಮು ಕಳಿಸಿದಾರೆ ಅಂದ. ನಿನ್ನ ಹೆಸರು ಹೇಳಿದ್ದಕ್ಕೇ ಕೊಟ್ಟೆ.”